ವೈರಸ್ಸಿನ ಅಕ್ಷರ ಓದಿದ ಊರು

ಇಂಗ್ಲೆಂಡಿನ ಕೇಂಬ್ರಿಜ್‌ಗೆ ಬರುವ ಪ್ರವಾಸಿಗಳು ಸಾಮಾನ್ಯವಾಗಿ ಮೂರು ಜಾಗಗಳನ್ನು ತಪ್ಪಿಸುವುದಿಲ್ಲ. ಒಂದು, ಕಿಂಗ್ಸ್ ಕಾಲೇಜಿನ ಎತ್ತರದ ಪ್ರಾರ್ಥನಾ ಮಂದಿರ. ಎರಡು, ಉದ್ದನೆಯ ಗಳ ಊರಿ ನೂಕುವ ಚಪ್ಪಟೆ ದೋಣಿಗಳು ಓಡಾಡುವ ಕ್ಯಾಮ್ ನದಿ. ಮೂರು, ಬೆನೆಟ್ ಸ್ಟ್ರೀಟಿನಲ್ಲಿರುವ 'ಈಗಲ್' ಎಂಬ ಹಳೆಯ ಪಬ್ಬು. ಮಂದಿರ ಭಕ್ತಿಗೆ, ದೋಣಿ ಮೋಜಿಗೆ. ಪಬ್ಬು ಮಾತ್ರ ವಿಜ್ಞಾನಕ್ಕೆ!

ತಮಾಷೆಯಲ್ಲ. 1953ರ ಫೆಬ್ರವರಿ 28ರಂದು ಪಕ್ಕದ ಕ್ಯಾವೆಂಡಿಶ್ ಪ್ರಯೋಗಾಲಯದಿಂದ ಊಟಕ್ಕೆ ಬಂದ ಫ್ರಾನ್ಸಿಸ್ ಕ್ರಿಕ್, ಜೀವದ ಗುಟ್ಟು ತಮಗೆ ಸಿಕ್ಕಿತೆಂದು ಇಲ್ಲಿ ಕೂತವರಿಗೆಲ್ಲ ಕೇಳುವಂತೆ ಸಾರಿದರು ಎಂದು ಅವರ ಜೊತೆಗಾರ ಜೇಮ್ಸ್ ವಾಟ್ಸನ್ ಬರೆದಿದ್ದಾರೆ. ಡಿ.ಎನ್.ಎ. ಅಣುವಿನ ಸುರುಳಿ ಏಣಿಯ ರೂಪ ಹೊರಬಿದ್ದದ್ದು ಹಾಗೆ. ಗೋಡೆಯ ಮೇಲಿನ ಫಲಕದ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಎರಡನೆಯ ಮಹಾಯುದ್ಧದ ವಿಮಾನ ಯೋಧರು ಒಳಗಿನ ಚಾವಣಿಯ ಮೇಲೆ ಹೊಗೆಯಿಂದ ಬರೆದ ಹೆಸರುಗಳನ್ನು ನೋಡಿ ಜನ ಹೊರಟುಬಿಡುತ್ತಾರೆ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 1953ರಲ್ಲಿ ಸಿಕ್ಕಿದ್ದು ಪುಸ್ತಕದ ರಟ್ಟು ಮತ್ತು ಕಟ್ಟು ಮಾತ್ರ. ಅದರಲ್ಲಿ ನಾಲ್ಕೇ ಅಕ್ಷರಗಳಿವೆ ಎಂಬುದೂ ಗೊತ್ತಿತ್ತು. ಅವಕ್ಕೆ ಎ, ಟಿ, ಜಿ, ಸಿ ಎಂದು ಹೆಸರು. ಆದರೆ ಯಾವ ಅಕ್ಷರದ ಮುಂದೆ ಯಾವ ಅಕ್ಷರ ಕೂತಿದೆ ಎಂದು ಓದಲು ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಡಿ.ಎನ್.ಎ. ಗ್ರಂಥವೊಂದನ್ನು ಮೊದಲ ಅಕ್ಷರದಿಂದ ಕೊನೆಯವರೆಗೆ ಓದಲು ಮತ್ತೆ 24 ವರ್ಷ ಬೇಕಾಯಿತು. ಓದಿದ್ದು ಇದೇ ಊರಿನಲ್ಲಿ. ಆದರೆ ಈಗಲ್ ಪಬ್ಬಿನಿಂದ ಸುಮಾರು ನಾಲ್ಕು ಕಿಲೋಮೀಟರ್ ದಕ್ಷಿಣಕ್ಕೆ, ಪ್ರವಾಸಿಗಳು ಹೋಗದ ಕಡೆ. ಓದಿದ ಗ್ರಂಥವೂ ಮನುಷ್ಯನದಲ್ಲ, ಹಸುವಿನದಲ್ಲ, ಭತ್ತದ್ದಲ್ಲ. ಮನುಷ್ಯನಿಗೆ ಯಾವ ರೋಗವನ್ನೂ ತಾರದ, ಬ್ಯಾಕ್ಟೀರಿಯಾಕ್ಕೆ ಮಾತ್ರ ಸೋಂಕು ಹಚ್ಚುವ ಒಂದು ವೈರಸ್ಸಿನದು!

ನೀರಿನ ಜೊತೆ ನಡಿಗೆ

ಆ ಕಡೆ ಹೋಗಲು ಬಸ್ಸಿದೆ, ಸೈಕಲ್ಲೂ ಸಿಗುತ್ತದೆ. ಪುರುಸೊತ್ತಿದ್ದವರಿಗೆ ಇನ್ನೊಂದು ದಾರಿ ಉಂಟು. ಟ್ರಂಪಿಂಗ್ಟನ್ ಸ್ಟ್ರೀಟಿನ ಎರಡೂ ಅಂಚಿನಲ್ಲಿ ಕಲ್ಲು ಕಟ್ಟಿದ ಕಿರುಗಾಲುವೆಗಳಿವೆ. ಊರಿನ ಚರಂಡಿ ಎಂದು ಮೂಗು ಮುಚ್ಚಿಕೊಳ್ಳಬೇಕಾಗಿಲ್ಲ. ಇದು 1614ರಲ್ಲಿ ಊರಿಗೆ ಬಂದ ಕುಡಿಯುವ ನೀರಿನ ವ್ಯವಸ್ಥೆಯ ಉಳಿಕೆ. ಕುದುರೆ ಬಾಡಿಗೆಗೆ ಕೊಡುತ್ತಿದ್ದ ಥಾಮಸ್ ಹಾಬ್ಸನ್ ಎಂಬಾತ ಇದಕ್ಕೆ ನೆರವಾದವರಲ್ಲಿ ಒಬ್ಬ. ಬಾಗಿಲ ಬಳಿ ಕಟ್ಟಿದ ಕುದುರೆಯನ್ನೇ ಒಯ್ಯಬೇಕು, ಇಲ್ಲವಾದರೆ ನಡೆದುಹೋಗಬೇಕು ಎಂಬುದು ಅವನ ಲಾಯದ ಕಾನೂನು. ಕಾಲುವೆಗೆ ಅವನದೇ ಹೆಸರು. ಒಂದು ಕಾಲಕ್ಕೆ ಮಾರುಕಟ್ಟೆಯ ನಡುವೆ ಇದ್ದ ಆರು ಮೂಲೆಯ ಕಾರಂಜಿ ಕಟ್ಟೆಯನ್ನು 1856ರಲ್ಲಿ ಲೆನ್ಸ್‌ಫೀಲ್ಡ್ ರಸ್ತೆಯ ಮೂಲೆಗೆ ತಂದು ನಿಲ್ಲಿಸಿದ್ದಾರೆ.

ಅಲ್ಲಿಂದ ನೀರಿಗೆ ಎದುರಾಗಿ ನಡೆದರೆ ಬ್ರೂಕ್‌ಸೈಡ್ ಎಂಬ ಮರದ ಸಾಲು, ಮುಂದೆ ಸಸ್ಯೋದ್ಯಾನದ ಅಂಚು, ಆಮೇಲೆ ಹೊಲಗಳು. ಕೊನೆಗೆ 'ನೈನ್ ವೆಲ್ಸ್', ಅಂದರೆ ಒಂಬತ್ತು ಬಾವಿಗಳು, ಎಂಬ ತೋಪು. ಬಾವಿಗಳೆಂದರೂ ಇವು ಒರತೆಗಳು. ದಕ್ಷಿಣದ ಗಾಗ್ ಮೇಗಾಗ್ ಗುಡ್ಡಗಳು ಸೀಮೆಸುಣ್ಣದಂಥ ಬಿಳಿ ಕಲ್ಲಿನವು. ಗುಡ್ಡವೆಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಂಡರೂ ನಮ್ಮ ಮಲೆನಾಡಿನವರು ಅವನ್ನು ದಿಬ್ಬ ಎಂದೇ ಕರೆದಾರು. ಮಳೆನೀರು ಆ ಕಲ್ಲಿನೊಳಗೆ ಇಂಗುತ್ತ ಹೋಗಿ, ಕೆಳಗೆ ನೀರು ಬಿಡದ ಪದರ ಸಿಕ್ಕಿದಾಗ ಪಕ್ಕಕ್ಕೆ ಸರಿದು ಇಲ್ಲಿ ಹೊರಗೆ ಬರುತ್ತದೆ. ಕಾಲುವೆಗೆ ನೆರವಾದವರ ನೆನಪಿಗೆ 1861ರಲ್ಲಿ ನಿಲ್ಲಿಸಿದ ಒಂದು ಕಲ್ಲುಕಂಬವೂ ತೋಪಿನಲ್ಲಿದೆ.

ತೋಪಿನಿಂದ ತಲೆಯೆತ್ತಿದರೆ ಕಾಣುವುದೇ ಆಡನ್‌ಬ್ರೂಕ್ಸ್ ಆಸ್ಪತ್ರೆಯ ಕಟ್ಟಡಗಳು. ಆಸ್ಪತ್ರೆಯ ಆವರಣಕ್ಕೆ ಸೇರಿದಂತೆ, ಹಿಲ್ಸ್ ರಸ್ತೆಯ ಕಡೆಗೆ, 1962ರಲ್ಲಿ ಒಂದು ಪ್ರಯೋಗಾಲಯ ತೆರೆಯಿತು. ಅದರ ಹೆಸರು 'ಅಣುಜೀವವಿಜ್ಞಾನ ಪ್ರಯೋಗಾಲಯ'. ಹಣ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿಯದು, ಅಂದರೆ ತೆರಿಗೆ ಕಟ್ಟುವ ಜನರದು. 2013ರ ಮೇ ತಿಂಗಳಲ್ಲಿ ಅದು ಅದೇ ಆವರಣದ ದೊಡ್ಡ ಹೊಸ ಕಟ್ಟಡಕ್ಕೆ ಹೋಯಿತು. ಎರಡು ಉದ್ದನೆಯ ಸಾಲುಗಳು ನಡುವೆ ಕೂಡಿಕೊಂಡಿರುವ ಈ ಕಟ್ಟಡದ ರೂಪ ವರ್ಣತಂತುವನ್ನು ಹೋಲುತ್ತದೆ. ತಮಿಳುನಾಡಿನ ಚಿದಂಬರಂನಲ್ಲಿ ಹುಟ್ಟಿ 2009ರಲ್ಲಿ ನೊಬೆಲ್ ಪಡೆದ ವೆಂಕಿ ರಾಮಕೃಷ್ಣನ್ ಕೆಲಸ ಮಾಡಿದ್ದು ಇದೇ ಸಂಸ್ಥೆಯಲ್ಲಿ.

ಪ್ಯಾರಿಸ್ಸಿನಿಂದ ಬಂದ ಅತಿಥಿ

ಇಲ್ಲಿ ಓದಿಸಿಕೊಂಡ ವೈರಸ್ಸಿನ ಹೆಸರು 'ಫೈ-ಎಕ್ಸ್ 174'. ಹೆಸರು ಲಾರಿ ನಂಬರಿನಂತಿದೆ ಎಂದರೆ ತಪ್ಪಲ್ಲ. ಅದು ನಿಜಕ್ಕೂ ಒಂದು ಪಟ್ಟಿಯ ಕ್ರಮಸಂಖ್ಯೆ.

ಬ್ಯಾಕ್ಟೀರಿಯಾಕ್ಕೂ ರೋಗ ಬರುತ್ತದೆ ಎಂದು 1915ರಲ್ಲಿ ಲಂಡನ್ನಿನ ಫ್ರೆಡರಿಕ್ ಟ್ವಾರ್ಟ್, 1917ರಲ್ಲಿ ಪ್ಯಾರಿಸ್ಸಿನ ಫೆಲಿಕ್ಸ್ ಡೆರೆಲ್ ತಿಳಿಸಿದರು. ಆ ರೋಗ ತರುವ ವೈರಸ್ಸಿಗೆ ಡೆರೆಲ್ ಇಟ್ಟ ಹೆಸರು 'ಬ್ಯಾಕ್ಟೀರಿಯೋಫೇಜ್', ಅಂದರೆ ಬ್ಯಾಕ್ಟೀರಿಯಾ ತಿನ್ನುವಂಥದ್ದು. ಚಿಕ್ಕದಾಗಿ ಫೇಜ್. 1935ರಲ್ಲಿ ಪ್ಯಾರಿಸ್ಸಿನಲ್ಲಿ ಸೆರ್ಟಿಚ್ ಮತ್ತು ಬುಲ್ಗಾಕೋವ್ ಎಂಬ ಇಬ್ಬರು ಬೇರೆಬೇರೆ ಫೇಜ್‌ಗಳನ್ನು ವಿಂಗಡಿಸಿ ಪಟ್ಟಿ ಮಾಡುತ್ತಿದ್ದಾಗ ಸಿಕ್ಕಿದ್ದು ಈ 174.

ಇದು ಬಲು ಪುಟ್ಟದು. ಒಂದು ಮಿಲಿಮೀಟರ್ ಉದ್ದದಲ್ಲಿ ಇಂಥವನ್ನು ಸಾಲಾಗಿ ನಿಲ್ಲಿಸಿದರೆ ಮೂವತ್ತು ಸಾವಿರಕ್ಕೂ ಹೆಚ್ಚು ಹಿಡಿಸುತ್ತವೆ. ಇಪ್ಪತ್ತು ಮುಖದ ಪ್ರೋಟೀನ್ ಚಿಪ್ಪು, ಅದರೊಳಗೆ ಮಡಿಚಿಟ್ಟ ಡಿ.ಎನ್.ಎ. ದಾರ, ಅಷ್ಟೇ ಅದರ ಸಂಸಾರ. ಕರುಳಿನಲ್ಲಿರುವ ಇ. ಕೊಲೈ ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು ದಾರವನ್ನು ಒಳಗೆ ಬಿಡುತ್ತದೆ. ಬ್ಯಾಕ್ಟೀರಿಯಾ ತನ್ನ ಕೆಲಸ ಬಿಟ್ಟು ಬಂದವನ ಚಾಕರಿಗೆ ನಿಲ್ಲುತ್ತದೆ. ಅರ್ಧ ಗಂಟೆ ಕಳೆಯುವುದರೊಳಗೆ ಅದರ ಗೋಡೆ ಒಡೆದು ಹೊಸ ಫೇಜ್‌ಗಳು ಹಿಂಡುಹಿಂಡಾಗಿ ಹೊರಗೆ ಬರುತ್ತವೆ.

ಅಮೆರಿಕದ ರಾಬರ್ಟ್ ಸಿನ್‌ಶೈಮರ್ 1950ರ ದಶಕದಲ್ಲಿ ಇದರ ಬೆನ್ನು ಹತ್ತಿದರು. ಎಲ್ಲ ಜೀವಿಗಳ ಡಿ.ಎನ್.ಎ. ಎರಡೆಳೆಯ ಹಗ್ಗವಾದರೆ, ಇದರದು ಒಂಟಿ ಎಳೆ, ಅದೂ ತುದಿಮೊದಲಿಲ್ಲದ ಬಳೆ ಎಂದು ತೋರಿಸಿದರು. ಓದು ಕಲಿಯುವವನಿಗೆ ಮಹಾಭಾರತ ಕೊಡುತ್ತಾರೆಯೇ? ತೆಳ್ಳನೆಯ ಪುಸ್ತಕ ಕೊಡುತ್ತಾರೆ. ಒಂಟಿ ಎಳೆಯ, ಚಿಕ್ಕ, ಬೇಕಾದಷ್ಟು ಬೆಳೆಸಿಕೊಳ್ಳಬಹುದಾದ ಈ ಫೇಜ್ ಅಂಥದೊಂದು ಪುಸ್ತಕವಾಗಿತ್ತು.

ಅಕ್ಷರ ಮುಚ್ಚಿಟ್ಟು ಓದುವ ಉಪಾಯ

ಓದಲು ಹೊರಟವರು ಫ್ರೆಡರಿಕ್ ಸ್ಯಾಂಗರ್. 1918ರಲ್ಲಿ ಗ್ಲಾಸ್ಟರ್‌ಶೈರಿನ ರೆಂಡ್‌ಕೂಂಬ್ ಎಂಬ ಹಳ್ಳಿಯಲ್ಲಿ ವೈದ್ಯರ ಮಗನಾಗಿ ಹುಟ್ಟಿದವರು. ಮಧುಮೇಹಿಗಳಿಗೆ ಪರಿಚಯದ ಇನ್ಸುಲಿನ್ ಪ್ರೋಟೀನಿನಲ್ಲಿ ಅಮೈನೊ ಆಮ್ಲಗಳು ಯಾವ ಸಾಲಿನಲ್ಲಿ ಕೂತಿವೆ ಎಂದು ಕಂಡುಹಿಡಿದು 1958ರಲ್ಲೇ ನೊಬೆಲ್ ಪಡೆದಿದ್ದರು. ಅಷ್ಟು ದೊಡ್ಡ ಬಹುಮಾನ ಬಂದ ಮೇಲೆ ಸಮಿತಿ, ಸಭೆ, ಭಾಷಣಗಳಲ್ಲಿ ಮುಳುಗುವವರೇ ಹೆಚ್ಚು. ಸ್ಯಾಂಗರ್ ಬಿಳಿ ಕೋಟು ಬಿಚ್ಚಲಿಲ್ಲ. ತಾವೇ ನಿಂತು ಕೈಯಾರೆ ಪ್ರಯೋಗ ಮಾಡುತ್ತಿದ್ದರು.

ಅವರೂ ಅಲನ್ ಕೂಲ್ಸನ್ನರೂ 1975ರಲ್ಲಿ ಪ್ರಕಟಿಸಿದ ವಿಧಾನಕ್ಕೆ 'ಕೂಡು-ಕಳೆ ವಿಧಾನ' ಎನ್ನಬಹುದು. ಅದರ ತಿರುಳು ಇಷ್ಟು. ಡಿ.ಎನ್.ಎ. ಎಳೆಯೊಂದನ್ನು ನಕಲು ಮಾಡುವ ಕಿಣ್ವವಿದೆ. ಅದಕ್ಕೆ ನಾಲ್ಕೂ ಅಕ್ಷರಗಳನ್ನು ಒದಗಿಸಿದರೆ ಸರಾಗವಾಗಿ ನಕಲು ಮಾಡುತ್ತ ಹೋಗುತ್ತದೆ. 'ಎ' ಅಕ್ಷರವನ್ನು ಮುಚ್ಚಿಟ್ಟು ಉಳಿದ ಮೂರನ್ನು ಮಾತ್ರ ಕೊಟ್ಟರೆ? 'ಎ' ಬೇಕಾದ ಜಾಗ ಬಂದೊಡನೆ ಕೆಲಸ ನಿಲ್ಲಿಸುತ್ತದೆ. ಮರಳು ತೀರಿದಲ್ಲಿ ಗಾರೆಯವನು ಕೈಕಟ್ಟಿ ನಿಲ್ಲುವಂತೆ. ಬೇರೆಬೇರೆ ಉದ್ದಕ್ಕೆ ಬೆಳೆದ ಎಳೆಗಳೊಡನೆ ಪ್ರಯೋಗ ಶುರು ಮಾಡಿದರೆ, ಅವು ಬೇರೆಬೇರೆ 'ಎ'ಗಳ ಮುಂದೆ ಬಂದು ನಿಲ್ಲುತ್ತವೆ. ಹೀಗೆ ನಾಲ್ಕು ನಳಿಕೆಗಳಲ್ಲಿ ಒಂದೊಂದು ಅಕ್ಷರವನ್ನು ಕಳೆಯಬೇಕು. ಇನ್ನು ನಾಲ್ಕರಲ್ಲಿ ಒಂದೊಂದನ್ನು ಮಾತ್ರ ಕೊಟ್ಟು ತಾಳೆ ನೋಡಬೇಕು.

ಆಮೇಲೆ ಆ ತುಣುಕುಗಳನ್ನು ಎರಡು ಗಾಜಿನ ಹಲಗೆಗಳ ನಡುವಿನ ಅಂಟು ಪದರಕ್ಕೆ ಹಾಕಿ ವಿದ್ಯುತ್ ಹರಿಸುತ್ತಾರೆ. ಸಂತೆಯ ಗದ್ದಲದಲ್ಲಿ ಚಿಕ್ಕ ಹುಡುಗರು ನುಸುಳಿ ಮುಂದೆ ಹೋಗುವಂತೆ ಗಿಡ್ಡ ತುಣುಕುಗಳು ಬೇಗ, ಉದ್ದನೆಯವು ನಿಧಾನ. ಒಂದೇ ಒಂದು ಅಕ್ಷರದ ಹೆಚ್ಚುಕಡಿಮೆ ಇದ್ದರೂ ಬೇರೆಬೇರೆ ಗೆರೆಯಾಗಿ ನಿಲ್ಲುತ್ತವೆ. ತುಣುಕುಗಳಿಗೆ ಮೊದಲೇ ವಿಕಿರಣ ಸೂಸುವ ರಂಜಕ ಸೇರಿಸಿರುವುದರಿಂದ ಮೇಲಿಟ್ಟ ಎಕ್ಸ್-ರೇ ಫಿಲ್ಮಿನಲ್ಲಿ ಕಪ್ಪು ಗೆರೆಗಳು ಮೂಡುತ್ತವೆ. ಆ ಗೆರೆಗಳನ್ನು ಬೆಳಕಿಗೆ ಹಿಡಿದು ಕೆಳಗಿನಿಂದ ಮೇಲಕ್ಕೆ ಓದುವುದು!

ಓದಿದ್ದನ್ನು ಕೈಯಲ್ಲಿ ಬರೆದು, ತುಣುಕಿಗೆ ತುಣುಕು ಹೊಂದಿಸುತ್ತ ಹೋಗಬೇಕು. ಅಕ್ಷರಗಳ ರಾಶಿ ಬೆಳೆದಂತೆ ಅವನ್ನು ಇಟ್ಟುಕೊಳ್ಳಲು, ಹುಡುಕಲು ಗಣಕದ ಮೊರೆ ಹೋದರು. ಡಿ.ಎನ್.ಎ. ಅಕ್ಷರಗಳಿಗೆಂದೇ ಬರೆದ ಮೊದಮೊದಲ ಗಣಕ ಕಾರ್ಯಕ್ರಮಗಳಲ್ಲಿ ಈ ಫೇಜ್‌ಗಾಗಿ ಬರೆದದ್ದೂ ಒಂದು.

1977ರ ಫೆಬ್ರವರಿ 24ರ 'ನೇಚರ್' ಪತ್ರಿಕೆಯಲ್ಲಿ ಒಂಬತ್ತು ಜನರ ಹೆಸರಿನಲ್ಲಿ ಫಲ ಪ್ರಕಟವಾಯಿತು. ಸುಮಾರು 5,375 ಅಕ್ಷರಗಳು! ಒಂದೇ ಅಕ್ಷರ ಸಾಲಾಗಿ ಮೂರು ನಾಲ್ಕು ಸಲ ಬಂದರೆ ಎಷ್ಟೆಂದು ಎಣಿಸುವುದು ಈ ವಿಧಾನದಲ್ಲಿ ಕಷ್ಟ. ಅದೇ ವರ್ಷ ಸ್ಯಾಂಗರ್ ಇನ್ನೂ ಉತ್ತಮ ವಿಧಾನವೊಂದನ್ನು ರೂಪಿಸಿ, ಅದರಿಂದ ಮತ್ತೆ ಓದಿ, ಮರುವರ್ಷ 5,386 ಎಂದು ತಿದ್ದಿದರು. ಆ ಎರಡನೆಯ ವಿಧಾನವೇ ಅವರಿಗೆ 1980ರಲ್ಲಿ ಇನ್ನೊಂದು ನೊಬೆಲ್ ತಂದಿತು. ರಸಾಯನಶಾಸ್ತ್ರದಲ್ಲಿ ಎರಡು ಸಲ ನೊಬೆಲ್ ಪಡೆದವರಲ್ಲಿ ಅವರೇ ಮೊದಲಿಗರು.

ಇಲ್ಲೊಂದು ಮಾತು ಹೇಳದಿದ್ದರೆ ಬೆಲ್ಜಿಯಂನವರಿಗೆ ಅನ್ಯಾಯವಾದೀತು. ಅಲ್ಲಿನ ಗೆಂಟ್ ನಗರದಲ್ಲಿ ವಾಲ್ಟರ್ ಫಿಯರ್ಸ್ ಮತ್ತು ಸಂಗಡಿಗರು 1976ರಲ್ಲೇ 'ಎಂ.ಎಸ್. 2' ಎಂಬ ಫೇಜನ್ನು ಪೂರ್ತಿ ಓದಿದ್ದರು. ಆದರೆ ಅದು ಆರ್.ಎನ್.ಎ. ಗ್ರಂಥ. ಡಿ.ಎನ್.ಎ. ಗ್ರಂಥಗಳಲ್ಲಿ ಫೈ-ಎಕ್ಸ್ ಮೊದಲು. ಏನೇ ಆದರೂ ಮನುಷ್ಯ ಪೂರ್ತಿ ಓದಿದ ಮೊದಲ ಎರಡು ಗ್ರಂಥಗಳೂ ಫೇಜ್‌ಗಳವೇ ಎಂಬುದು ಗಮನಿಸತಕ್ಕ ಮಾತು.

ಒಂದೇ ಸಾಲು, ಎರಡು ಅರ್ಥ

ಓದಿದ ಮೇಲೆ ಸಿಕ್ಕಿದ್ದೇನು? ಎಲ್ಲರೂ ಬೆಕ್ಕಸಬೆರಗಾಗುವಂಥದ್ದು.

ಡಿ.ಎನ್.ಎ.ಯಲ್ಲಿ ಮೂರು ಮೂರು ಅಕ್ಷರ ಸೇರಿ ಒಂದು ಪದ. ಒಂದು ಪದಕ್ಕೆ ಒಂದು ಅಮೈನೊ ಆಮ್ಲ. ಅವನ್ನು ಸಾಲಾಗಿ ಪೋಣಿಸಿದರೆ ಪ್ರೋಟೀನ್. ಆ ಲೆಕ್ಕದಲ್ಲಿ 5,386 ಅಕ್ಷರಗಳಿಂದ 1,795 ಅಮೈನೊ ಆಮ್ಲಗಳಿಗಿಂತ ಹೆಚ್ಚು ಹುಟ್ಟಬಾರದು. ಆದರೆ ಈ ಫೇಜ್ ಮಾಡುವ ಪ್ರೋಟೀನುಗಳನ್ನೆಲ್ಲ ಕೂಡಿದರೆ 1,900ಕ್ಕೂ ಹೆಚ್ಚಾಗುತ್ತದೆ. ಐವತ್ತು ಸೀಟಿನ ಬಸ್ಸಿನಲ್ಲಿ ಐವತ್ತೈದು ಜನ, ಎಲ್ಲರೂ ಕೂತೇ ಇದ್ದಾರೆ! ಹೇಗೆ?

ಕನ್ನಡದಲ್ಲೇ ನೋಡಬಹುದು. 'ಕಲಹರಿಣ' ಎಂದು ಐದು ಅಕ್ಷರಗಳನ್ನು ಬಿಡುವಿಲ್ಲದೆ ಬರೆಯಿರಿ. ಮೊದಲ ಅಕ್ಷರದಿಂದ ಮೂರು ಓದಿದರೆ 'ಕಲಹ'. ಎರಡನೆಯದರಿಂದ ಓದಿದರೆ 'ಲಹರಿ'. ಮೂರನೆಯದರಿಂದ 'ಹರಿಣ'. ಅಕ್ಷರಗಳು ಅವೇ, ಓದು ಶುರು ಮಾಡಿದ ಜಾಗ ಬೇರೆ, ಅರ್ಥಕ್ಕೆ ಅರ್ಥವೇ ಬೇರೆ. ಜಗಳ ಹೋಗಿ ಸಂಗೀತವಾಯಿತು, ಸಂಗೀತ ಹೋಗಿ ಜಿಂಕೆಯಾಯಿತು.

ಫೈ-ಎಕ್ಸ್ ಮಾಡುವುದೂ ಇದನ್ನೇ. ಅದರ 'ಡಿ' ಎಂಬ ಜೀನ್ ಹೊಸ ಚಿಪ್ಪು ಕಟ್ಟುವಾಗ ಸಾರುವೆಯಂತೆ ನಿಲ್ಲುವ ಪ್ರೋಟೀನಿನದು. 'ಇ' ಎಂಬ ಜೀನ್ ಕೆಲಸ ಮುಗಿದ ಮೇಲೆ ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಪ್ರೋಟೀನಿನದು. 'ಇ' ಎಲ್ಲಿದೆ ಎಂದು ಹುಡುಕಿದರೆ ಅದು ಪೂರ್ತಿಯಾಗಿ 'ಡಿ'ಯ ಹೊಟ್ಟೆಯೊಳಗೇ ಇತ್ತು, ಒಂದು ಅಕ್ಷರ ಸರಿದ ಎಣಿಕೆಯಲ್ಲಿ! ಒಂದು ರೀತಿ ಓದಿದರೆ ಕಟ್ಟುವ ವಿದ್ಯೆ, ಒಂದಕ್ಷರ ಸರಿದು ಓದಿದರೆ ಕೆಡವುವ ವಿದ್ಯೆ. ಹಾಗೆಯೇ 'ಬಿ' ಜೀನ್ 'ಎ' ಜೀನಿನ ಒಳಗಿತ್ತು. ಬಾರ್ಟ್ ಬ್ಯಾರೆಲ್, ಗಿಲಿಯನ್ ಏರ್, ಕ್ಲೈಡ್ ಹಚಿಸನ್ ಈ ಗುಟ್ಟನ್ನು 1976ರಲ್ಲಿ ಬಿಡಿಸಿದರು.

ಒಂದು ಜೀನಿಗೆ ಒಂದು ಜಾಗ, ಮಣಿಸರದಲ್ಲಿ ಮಣಿಗಳಿದ್ದಂತೆ ಎಂದು ಪಾಠ ಪುಸ್ತಕಗಳು ಹೇಳುತ್ತಿದ್ದ ಕಾಲ ಅದು. ಆ ಪಾಠವನ್ನು ತಿದ್ದಿ ಬರೆಯಿಸಿದ್ದು ಲೆಕ್ಕಕ್ಕೆ ಬಾರದ ಒಂದು ಫೇಜ್.

ಈ ಪ್ರಯೋಗಾಲಯದ ಇನ್ನೊಂದು ವಿಶೇಷ ಅದರ ಕ್ಯಾಂಟೀನು. ಮುಖ್ಯಸ್ಥರಾಗಿದ್ದ ಮ್ಯಾಕ್ಸ್ ಪೆರುಟ್ಜ್ ಅವರ ಪತ್ನಿ ಗಿಸೆಲಾ ಅದನ್ನು ವರ್ಷಾನುಗಟ್ಟಲೆ ನಡೆಸಿದರು. ನೊಬೆಲ್ ಪಡೆದವರೂ ನಿನ್ನೆ ಬಂದ ವಿದ್ಯಾರ್ಥಿಯೂ ಒಂದೇ ಸಾಲಿನಲ್ಲಿ ನಿಂತು, ಒಂದೇ ಮೇಜಿನಲ್ಲಿ ಕೂತು ಮಾತಾಡಲಿ ಎಂಬುದು ಪೆರುಟ್ಜ್ ಅವರ ಎಣಿಕೆ. ಕೆನಡಾದಿಂದ ಬಂದಿದ್ದ ಮೈಕೆಲ್ ಸ್ಮಿತ್, ಅಮೆರಿಕದಿಂದ ಬಂದಿದ್ದ ಹಚಿಸನ್ ಇಬ್ಬರಿಗೂ ಕೇಂಬ್ರಿಜ್‌ನಲ್ಲಿದ್ದಾಗ ಮಾತು ಬೆಳೆಯಿತು. ಓದಲು ಬಂದ ಮೇಲೆ ಬೇಕಾದ ಒಂದಕ್ಷರವನ್ನು ಮಾತ್ರ ತಿದ್ದಲೂ ಬರಬೇಕಲ್ಲ? 1978ರಲ್ಲಿ ಅದೇ ಫೈ-ಎಕ್ಸ್ ಮೇಲೆ ಆ ತಿದ್ದುವಿಕೆಯನ್ನು ಮಾಡಿ ತೋರಿಸಿದರು. ಸ್ಮಿತ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ಹಚಿಸನ್ 2003ರಲ್ಲಿ ಹ್ಯಾಮಿಲ್ಟನ್ ಸ್ಮಿತ್, ಕ್ರೇಗ್ ವೆಂಟರ್ ಮೊದಲಾದವರ ಜೊತೆ ಸೇರಿ ಅದೇ ಫೇಜ್‌ನ ಪೂರ್ತಿ ಗ್ರಂಥವನ್ನು 14 ದಿನಗಳಲ್ಲಿ ಹೊಸದಾಗಿ ಜೋಡಿಸಿದರು. ಅದು ಬ್ಯಾಕ್ಟೀರಿಯಾದೊಳಗೆ ಹೋಗಿ ಜೀವಂತ ಫೇಜ್‌ಗಳನ್ನು ಹುಟ್ಟಿಸಿತು.

ಬಣ್ಣದ ಪಟ್ಟಿಗಳ ದಾರಿ

ಆಸ್ಪತ್ರೆಯ ಹಿಂಬದಿಯಿಂದ ಗ್ರೇಟ್ ಶೆಲ್ಫರ್ಡ್ ಎಂಬ ಹಳ್ಳಿಗೆ ರೈಲು ಹಳಿಯ ಪಕ್ಕದಲ್ಲೇ ಒಂದು ಸೈಕಲ್ ದಾರಿ ಹೋಗುತ್ತದೆ. ನೆಲದ ತುಂಬ ನಾಲ್ಕು ಬಣ್ಣದ ಅಡ್ಡಪಟ್ಟಿಗಳು. ಒಟ್ಟು 10,257. ಒಂದು ಪಟ್ಟಿಗೆ ಒಂದು ಡಿ.ಎನ್.ಎ. ಅಕ್ಷರ. ಇವು ಸ್ತನ ಕ್ಯಾನ್ಸರಿಗೆ ಸಂಬಂಧಿಸಿದ 'ಬಿ.ಆರ್.ಸಿ.ಎ. 2' ಎಂಬ ಒಂದೇ ಒಂದು ಜೀನಿನ ಅಕ್ಷರಗಳು. ಬ್ರಿಟನ್ನಿನ ಸೈಕಲ್ ದಾರಿಗಳ ಜಾಲ ಹತ್ತು ಸಾವಿರ ಮೈಲಿ ಮುಟ್ಟಿದ ನೆನಪಿಗೆ 2005ರಲ್ಲಿ ಇದನ್ನು ಬಳಿದರು.

ಶಾಲಾ ಮಕ್ಕಳಿಗೆ ಜೀನೋಮ್ ಎಂದರೇನೆಂದು ತಿಳಿಸಲು ಇದಕ್ಕಿಂತ ಒಳ್ಳೆಯ ಕಪ್ಪುಹಲಗೆ ಇಲ್ಲ. ಫೈ-ಎಕ್ಸ್ ಫೇಜ್‌ನ ಇಡೀ ಗ್ರಂಥವನ್ನು ಇಲ್ಲಿ ಬಳಿದಿದ್ದರೆ ದಾರಿಯ ಅರ್ಧ ದಾಟುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಸ್ಯಾಂಗರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಬೆವರು ಸುರಿಸಿದ ದೂರವನ್ನು ಇಂದು ಸೈಕಲ್ಲು ಕೆಲವು ನಿಮಿಷಗಳಲ್ಲಿ ಕ್ರಮಿಸುತ್ತದೆ. ಮನುಷ್ಯನ ಗ್ರಂಥವನ್ನು ಬಳಿಯಬೇಕೆಂದರೆ? ಅದರಲ್ಲಿ ಸುಮಾರು 310 ಕೋಟಿ ಅಕ್ಷರಗಳು. ಇಂಥ ದಾರಿಗಳು ಮೂರು ಲಕ್ಷ ಬೇಕು!

ಈ ದಿಕ್ಕಿನಲ್ಲೇ ಇನ್ನೂ ಮುಂದೆ, ಕೇಂಬ್ರಿಜ್ ಊರಿನಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ಹಿಂಕ್ಸ್‌ಟನ್ ಎಂಬ ಹಳ್ಳಿ. ಹುಲ್ಲುಗಾವಲು, ಹಳೆಯ ಕಾಲದ ದೊಡ್ಡ ಮನೆ, ಪಕ್ಕದಲ್ಲಿ ತೆಳ್ಳಗೆ ಹರಿಯುವ ಕ್ಯಾಮ್. ಇಲ್ಲಿ 1993ರಲ್ಲಿ 'ಸ್ಯಾಂಗರ್ ಕೇಂದ್ರ' ಶುರುವಾಯಿತು. ತಮ್ಮ ಹೆಸರಿಡಲು ಒಪ್ಪಿಗೆ ಕೇಳಿದಾಗ, ಕೆಲಸ ಮಾತ್ರ ಚೆನ್ನಾಗಿರಬೇಕು ಎಂದು ಸ್ಯಾಂಗರ್ ಎಚ್ಚರಿಸಿದ್ದರಂತೆ. 2003ರಲ್ಲಿ ಮುಗಿದ ಮಾನವ ಜೀನೋಮ್ ಯೋಜನೆಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಓದಿದ್ದು ಈ ಹಳ್ಳಿಯ ಕೇಂದ್ರವೇ.

ಆದರೆ ಭಾರತದವರು ಇಲ್ಲಿ ನೆನೆಯಬೇಕಾದ್ದು ಇನ್ನೊಂದು ಗ್ರಂಥವನ್ನು. 1998ರಲ್ಲಿ ಪ್ಯಾರಿಸ್ಸಿನ ಪ್ಯಾಶ್ಚರ್ ಸಂಸ್ಥೆಯ ಸ್ಟ್ಯೂವರ್ಟ್ ಕೋಲ್ ಅವರೊಡನೆ ಸೇರಿ ಈ ಕೇಂದ್ರದವರು ಕ್ಷಯರೋಗದ ಬ್ಯಾಕ್ಟೀರಿಯಾದ 44 ಲಕ್ಷಕ್ಕೂ ಹೆಚ್ಚು ಅಕ್ಷರಗಳನ್ನು ಓದಿ ಮುಗಿಸಿದರು. ಇಲ್ಲಿ ಮುಂದೆ ನಿಂತವರು ಬಾರ್ಟ್ ಬ್ಯಾರೆಲ್. ಹೌದು, ಇಪ್ಪತ್ತೆರಡು ವರ್ಷ ಹಿಂದೆ ಫೇಜ್‌ನ ಜೀನೊಳಗಿನ ಜೀನನ್ನು ಕಂಡವರಲ್ಲಿ ಒಬ್ಬರು! ಯಾವ ಔಷಧಿಗೆ ಕ್ಷಯದ ಬ್ಯಾಕ್ಟೀರಿಯಾ ಜಗ್ಗುವುದಿಲ್ಲ ಎಂದು ಅದರ ಅಕ್ಷರ ನೋಡಿ ಹೇಳುವ ಪರೀಕ್ಷೆಗಳಿಗೆ ಇಂಥ ಓದೇ ತಳಹದಿ. ಜಗತ್ತಿನಲ್ಲಿ ಅತಿ ಹೆಚ್ಚು ಕ್ಷಯರೋಗಿಗಳಿರುವ ದೇಶಕ್ಕೆ ಇದು ಸಣ್ಣ ಮಾತಲ್ಲ.

ಫೇಜ್‌ಗಳೂ ಈಗ ಬರೀ ಓದುಪುಸ್ತಕಗಳಾಗಿ ಉಳಿದಿಲ್ಲ. ಯಾವ ಆಂಟಿಬಯಾಟಿಕ್ಕಿಗೂ ಬಗ್ಗದ ಬ್ಯಾಕ್ಟೀರಿಯಾದ ಸೋಂಕಿನಿಂದ ನರಳುತ್ತಿದ್ದ ಹದಿನೈದು ವರ್ಷದ ಹುಡುಗಿಯೊಬ್ಬಳಿಗೆ ಲಂಡನ್ನಿನಲ್ಲಿ ಮೂರು ಫೇಜ್‌ಗಳನ್ನು ಕೊಟ್ಟು ಚಿಕಿತ್ಸೆ ಮಾಡಿದ ವರದಿ 2019ರಲ್ಲಿ ಬಂತು. ಅವುಗಳಲ್ಲಿ ಎರಡನ್ನು ಜೀನ್ ತಿದ್ದಿ ಹದಗೊಳಿಸಿದ್ದರು. ಆಕೆ ಚೇತರಿಸಿಕೊಂಡಳು. ರೋಗಿಯ ಮೈಗೆ ಬಿಡುವ ಫೇಜ್‌ನಲ್ಲಿ ವಿಷದ ಜೀನ್ ಏನಾದರೂ ಅಡಗಿದೆಯೇ ಎಂದು ಮೊದಲು ಅದರ ಗ್ರಂಥವನ್ನು ಪೂರ್ತಿ ಓದಿಯೇ ತಿಳಿಯಬೇಕು.

ಓರೆಗಲ್ಲಾದ ಫೇಜ್

ಊರಿಗೆ ಮರಳುವಾಗ ಲೆನ್ಸ್‌ಫೀಲ್ಡ್ ರಸ್ತೆಯ ಆ ಕಾರಂಜಿ ಕಟ್ಟೆಯ ಹತ್ತಿರ ಇಳಿಯುವುದು ಒಳ್ಳೆಯದು. ಅದೇ ರಸ್ತೆಯಲ್ಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ. ಸ್ವಲ್ಪ ಒಳಗೆ, ಪ್ಯಾಂಟನ್ ಸ್ಟ್ರೀಟಿನಲ್ಲಿ 'ಪ್ಯಾಂಟನ್ ಆರ್ಮ್ಸ್' ಎಂಬ ಸಾಧಾರಣ ಪಬ್ಬು. ಈಗಲ್‌ನಷ್ಟು ಹೆಸರಿಲ್ಲ. ಆದರೆ 1997ರ ಬೇಸಿಗೆಯಲ್ಲಿ ಶಂಕರ್ ಬಾಲಸುಬ್ರಮಣಿಯನ್ ಮತ್ತು ಡೇವಿಡ್ ಕ್ಲೆನರ್‌ಮನ್ ಇಲ್ಲಿ ಕೂತು ಮಾಡಿದ ಚರ್ಚೆಯಿಂದ, ಲಕ್ಷಗಟ್ಟಲೆ ತುಣುಕುಗಳನ್ನು ಒಂದೇ ಗಾಜಿನ ಮೇಲೆ ಒಟ್ಟೊಟ್ಟಿಗೆ ಓದುವ ಹೊಸ ವಿಧಾನ ಹುಟ್ಟಿತು. ಬಾಲಸುಬ್ರಮಣಿಯನ್ 1966ರಲ್ಲಿ ಮದರಾಸಿನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಇಂಗ್ಲೆಂಡಿಗೆ ಹೋದವರು. ಇಬ್ಬರೂ ಸೇರಿ 'ಸೊಲೆಕ್ಸಾ' ಎಂಬ ಕಂಪನಿ ಕಟ್ಟಿದರು. 2007ರಲ್ಲಿ ಅದನ್ನು ಅಮೆರಿಕದ 'ಇಲ್ಯುಮಿನಾ' ಕೊಂಡಿತು.

2005ರಲ್ಲಿ ಹೊಸ ವಿಧಾನದಿಂದ ಒಂದು ಜೀನೋಮನ್ನು ಮೊದಲ ಸಲ ಪೂರ್ತಿ ಓದಿ ನೋಡಬೇಕಾಯಿತು. ಯಾವುದನ್ನು ಓದುವುದು? ಮತ್ತೆ ಅದೇ ಫೈ-ಎಕ್ಸ್ 174! ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಕೊಟ್ಟಲ್ಲವೇ ಹೊಸ ಹುಡುಗನ ಕೈಚಳಕ ನೋಡುವುದು?

ಆ ಪದ್ಧತಿ ಹಾಗೇ ಉಳಿದುಕೊಂಡಿತು. ಇಂದು ಈ ಬಗೆಯ ಯಂತ್ರಗಳಿರುವ ಪ್ರಯೋಗಾಲಯಗಳಲ್ಲಿ ಓದಬೇಕಾದ ಮಾದರಿಯ ಜೊತೆಗೆ ಒಂದಿಷ್ಟು ಫೈ-ಎಕ್ಸ್ ಡಿ.ಎನ್.ಎ. ಬೆರೆಸುವುದು ರೂಢಿ. ಯಂತ್ರ ಅದನ್ನು ಸರಿಯಾಗಿ ಓದಿತೋ, ಉಳಿದದ್ದನ್ನೂ ನಂಬಬಹುದು. ಚಿನಿವಾರನ ಪೆಟ್ಟಿಗೆಯಲ್ಲಿ ಓರೆಗಲ್ಲು ಇರುವಂತೆ ಜೀವವಿಜ್ಞಾನಿಯ ಶೀತಪೆಟ್ಟಿಗೆಯಲ್ಲಿ ಈ ಫೇಜ್. ಆದರೆ ಒರೆ ಹಚ್ಚಿದ ಕಲ್ಲನ್ನು ಚಿನ್ನದ ಜೊತೆ ತೂಗಬಾರದಷ್ಟೆ? ಸಾವಿರಕ್ಕೂ ಹೆಚ್ಚು ಪ್ರಕಟಿತ ಸೂಕ್ಷ್ಮಜೀವಿ ಜೀನೋಮ್‌ಗಳಲ್ಲಿ ಫೈ-ಎಕ್ಸ್ ಅಕ್ಷರಗಳು ತೆಗೆಯದೆ ಉಳಿದುಹೋಗಿವೆ ಎಂದು 2015ರಲ್ಲಿ ಒಂದು ಅಧ್ಯಯನ ಎಚ್ಚರಿಸಿತು. ಪ್ಯಾರಿಸ್ಸಿನ ಅತಿಥಿ ಕರೆಯದ ಮನೆಗಳಲ್ಲೂ ಹೀಗೆ ಕೂತುಬಿಟ್ಟಿದ್ದ!

2020ರಲ್ಲಿ ಕೋವಿಡ್ ಬಂದಾಗ ಜಗತ್ತಿಗೆಲ್ಲ ಓದಿನ ಅಗತ್ಯ ತಟ್ಟಿತು. ಸುಮಾರು 30,000 ಅಕ್ಷರಗಳ ಆ ವೈರಸ್ಸನ್ನು ಹಿಂಕ್ಸ್‌ಟನ್‌ನಲ್ಲಿ ಲಕ್ಷಗಟ್ಟಲೆ ಸಲ ಓದಿದರು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಎನ್.ಸಿ.ಬಿ.ಎಸ್. ಸಂಸ್ಥೆಗಳಲ್ಲೂ ಓದು ನಡೆಯಿತು. ಡೆಲ್ಟಾ, ಒಮಿಕ್ರಾನ್ ಎಂದು ಹಳ್ಳಿಯ ಕಟ್ಟೆಯ ಮೇಲೂ ಜನ ಹೆಸರು ಹಿಡಿದು ಮಾತಾಡಿದ್ದು ಅಂಥ ಓದಿನಿಂದಲೇ.

ಸ್ಯಾಂಗರ್ 1983ರಲ್ಲಿ, ಅರವತ್ತೈದಕ್ಕೆ ಸರಿಯಾಗಿ, ನಿವೃತ್ತರಾದರು. ಸಲಹೆಗಾರ, ಗೌರವ ನಿರ್ದೇಶಕ ಎಂದೆಲ್ಲ ಕುರ್ಚಿಗೆ ಅಂಟಿಕೊಳ್ಳದೆ ಸ್ವಾಫಮ್ ಬಲ್ಬೆಕ್ ಎಂಬ ಹಳ್ಳಿಯ ತಮ್ಮ ಮನೆಯಲ್ಲಿ ತೋಟದ ಕೆಲಸಕ್ಕೆ ನಿಂತರು. 'ಸರ್' ಎಂದು ಕರೆಸಿಕೊಳ್ಳಲು ಇಷ್ಟವಿಲ್ಲದೆ ನೈಟ್ ಪದವಿಯನ್ನೂ ಒಲ್ಲೆ ಎಂದಿದ್ದರು. 2013ರ ನವೆಂಬರ್ 19ರಂದು ಆಡನ್‌ಬ್ರೂಕ್ಸ್ ಆಸ್ಪತ್ರೆಯಲ್ಲಿ, ಅವರು ಆ ಫೇಜನ್ನು ಓದಿದ ಆವರಣದಲ್ಲೇ, ತೀರಿಕೊಂಡರು. ಆಗ ಅವರಿಗೆ 95 ವರ್ಷ.

ಯಾರಿಗೂ ರೋಗ ತಾರದ, ಯಾವ ರೋಗವನ್ನೂ ವಾಸಿ ಮಾಡದ ಒಂದು ಫೇಜ್‌ನ ಅಕ್ಷರ ಎಣಿಸಲು ವರ್ಷಾನುಗಟ್ಟಲೆ ಸರ್ಕಾರದ ಹಣ ಬೇಕು ಎಂದು ಇಂದು ಯಾರಾದರೂ ಅರ್ಜಿ ಹಾಕಿದರೆ ಮಂಜೂರಾದೀತೇ? 'ಇದರಿಂದ ಜನರಿಗೇನು ಉಪಯೋಗ' ಎಂಬ ಕಲಮಿನಲ್ಲಿ ಬರೆಯುವುದಾದರೂ ಏನನ್ನು? ಕ್ಷಯದ ಪರೀಕ್ಷೆ, ಕೋವಿಡ್ ತಳಿಗಳ ಪತ್ತೆ ಎಂದು 1975ರಲ್ಲಿ ಸ್ಯಾಂಗರ್ ಕೂಡ ಬರೆಯಲಾರರಾಗಿದ್ದರು. ಓದಲು ಬಂದರೆ ಮುಂದೆ ಏನಾದರೂ ಆದೀತು ಎಂಬ ನಂಬಿಕೆಯ ಮೇಲೆ ಒಂದು ಸಮಾಜ ಹಣ ಕೊಟ್ಟಿತು, ಅವಸರಪಡಿಸಲಿಲ್ಲ. ನೀರು ತರಲು 1614ರಲ್ಲಿ ಕಾಲುವೆ ತೋಡಿದವರೂ ಮುಂದಿನ ಎರಡು ಶತಮಾನ ಅದನ್ನು ಯಾರು ಯಾರು ಕುಡಿಯುತ್ತಾರೆಂದು ಪಟ್ಟಿ ಮಾಡಿರಲಿಲ್ಲ.

ಕೇಂಬ್ರಿಜ್‌ಗೆ ಹೋಗುವವರು ಈಗಲ್ ಪಬ್ಬನ್ನು ನೋಡದೆ ಬರಬೇಕಾಗಿಲ್ಲ. ನೋಡಿದ ಮೇಲೆ ಅರ್ಧ ದಿನ ಉಳಿಸಿಕೊಂಡು ಒಂದು ಸೈಕಲ್ ಬಾಡಿಗೆಗೆ ಹಿಡಿದು ದಕ್ಷಿಣಕ್ಕೆ ಹೊರಟರೆ ಸಾಕು. ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆಯ ಹಾದಿ. ನೆಲ ಸಮತಟ್ಟು, ಸೈಕಲ್ ತುಳಿಯಲು ಆಯಾಸವಿಲ್ಲ. ಬಣ್ಣದ ದಾರಿಗೆ ಟಿಕೆಟ್ಟೂ ಇಲ್ಲ.